ಕತ್ತು ನಿಲ್ಲದ ಕೂಸು: ಫಿಸಿಯೋಥೆರಪಿ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ

ಹುಲಿಕೆರೆ (ಹಾಸನ ಜಿಲ್ಲೆ): ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದರೂ ಕೂಸಿನ ಕತ್ತು ನಿಂತಿಲ್ಲ. ಎರಡೂ ಮುಷ್ಟಿ ಸದಾ ಬಿಗಿ. ಎತ್ತಿಕೊಂಡರೆ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬರುತ್ತವೆ. ಇಂಥ ಕೂಸಿರುವ ಮನೆಯಲ್ಲಿ ಮೊದಲು ಕೇಳಿಬರುವುದು ಸಮಾಧಾನದ ಮಾತು. ಅದರಪ್ಪನೂ ತಡವಾಗಿಯೇ ನಡೆದದ್ದು, ಎಲ್ಲ ತಾನಾಗಿ ಬರುತ್ತದೆ ಎನ್ನುತ್ತಾರೆ ಹಿರಿಯರು. ಆಮೇಲೆ ತಾಯತ, ಹರಕೆ. ಓರಗೆಯ ಮಕ್ಕಳು ಅಂಗಳದಲ್ಲಿ ಓಡಾಡತೊಡಗಿದ ಮೇಲೆ ಆಸ್ಪತ್ರೆಯ ದಾರಿ. ವೈದ್ಯರು ಫಿಸಿಯೋಥೆರಪಿ ವಿಭಾಗಕ್ಕೆ ಚೀಟಿ ಬರೆದುಕೊಡುವ ವೇಳೆಗೆ ಮಗುವಿಗೆ ಒಂದೂವರೆಯೋ ಎರಡೋ ವರ್ಷ.

ಮಿದುಳು ಅತ್ಯಂತ ವೇಗವಾಗಿ ಬೆಳೆಯುವ, ಪೆಟ್ಟು ಬಿದ್ದ ಭಾಗದ ಕೆಲಸವನ್ನು ಉಳಿದ ಭಾಗಗಳು ಒಂದಷ್ಟಾದರೂ ವಹಿಸಿಕೊಳ್ಳಬಲ್ಲ ಕಾಲವೂ ಅದೇ ಒಂದೂವರೆ ವರ್ಷ. ಅದು ಹೀಗೆ ಕೈಜಾರುವುದಕ್ಕೆ ಬಡತನ, ಮೂಢನಂಬಿಕೆಗಳನ್ನಷ್ಟೇ ದೂರುವುದು ವಾಡಿಕೆ. ಚೀಟಿ ಹಿಡಿದು ಬಂದ ಮಗುವಿಗೆ ವ್ಯಾಯಾಮ ಮಾಡಿಸುವುದನ್ನು ಚೆನ್ನಾಗಿ ಕಲಿಸಿ, ಚೀಟಿ ಸಿಗುವ ಮುಂಚಿನ ಮಗುವನ್ನು ಗುರುತಿಸುವುದನ್ನು ಅಷ್ಟಾಗಿ ಕಲಿಸದ ಶಿಕ್ಷಣದ ಪಾಲೂ ಇದರಲ್ಲಿದೆ.

ಹೊಯ್ಸಳರ ಕಾಲದ ಕಲ್ಯಾಣಿಯಿಂದ ಹೆಸರಾದ ಹುಲಿಕೆರೆ ಹಳೇಬೀಡಿನ ಮಗ್ಗುಲಿನ ಹಳ್ಳಿ. ಹಳೇಬೀಡಿನಿಂದ ಜಿಲ್ಲಾ ಕೇಂದ್ರ ಹಾಸನಕ್ಕೆ ಸುಮಾರು 30 ಕಿ.ಮೀ. ಭೂಪಟದಲ್ಲಿ ಇದು ದೂರವೇನಲ್ಲ. ಆದರೆ ಬಿಗಿದ ಕೂಸನ್ನು ಕಂಕುಳಲ್ಲಿ ಹೊತ್ತು, ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ವಾರಕ್ಕೆ ಮೂರು ಬಾರಿ ಹೋಗಿಬರಬೇಕಾದ ತಾಯಿಗೆ ಅದು ಬಹುದೂರ. ಹುಲಿಕೆರೆಯಂಥ ಊರುಗಳಲ್ಲಿ ಕೈಗೆ ಸಿಗುವವರು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಶಿಕ್ಷಕಿ. ಫಿಸಿಯೋಥೆರಪಿಸ್ಟ್ ಕಾಣಸಿಗುವುದು ಪಟ್ಟಣದಲ್ಲಿ.

ಏನಿದು ತೊಂದರೆ?

ನರ ಮತ್ತು ಚಲನೆಗೆ ಸಂಬಂಧಿಸಿದ ಬಾಲ್ಯದ ತೊಂದರೆಗಳಲ್ಲಿ ಹೆಚ್ಚಾಗಿ ಕಾಣುವುದು ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಪಾರ್ಶ್ವವಾಯು. ಗರ್ಭದಲ್ಲಿ, ಹೆರಿಗೆಯ ವೇಳೆ ಅಥವಾ ಹುಟ್ಟಿದ ಹೊಸತರಲ್ಲಿ ಮಿದುಳಿಗೆ ಆದ ಹಾನಿಯೇ ಇದರ ಮೂಲ. ಹಾನಿ ಬೆಳೆಯುತ್ತಾ ಹೋಗುವುದಿಲ್ಲ. ಆದರೆ ಅದರ ಪರಿಣಾಮ ದೇಹ ಬೆಳೆದಂತೆ ಬದಲಾಗುತ್ತದೆ. ಬಿಗಿದ ಸ್ನಾಯು ಗಿಡ್ಡವಾಗುತ್ತದೆ, ಸೊಂಟದ ಕೀಲು ನಿಧಾನವಾಗಿ ಜಾರುತ್ತದೆ, ಬೆನ್ನು ಡೊಂಕಾಗುತ್ತದೆ. ಭಾರತದಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ಅಧ್ಯಯನವೊಂದರ ಪ್ರಕಾರ ಸಾವಿರ ಮಕ್ಕಳಲ್ಲಿ ಸುಮಾರು ಮೂವರಿಗೆ ಈ ತೊಂದರೆ ಇದೆ.

ಅವಧಿಗೆ ಮುನ್ನ ಹುಟ್ಟಿದವರು, ತೂಕ ಕಡಿಮೆ ಇದ್ದವರು, ಹುಟ್ಟಿದ ಕೂಡಲೇ ಅಳದವರು, ಕಾಮಾಲೆ ವಿಪರೀತಕ್ಕೆ ಹೋದವರು, ಮೊದಲ ವಾರಗಳಲ್ಲಿ ಮಿದುಳಿನ ಸೋಂಕು ಅಥವಾ ಸೆಳವು ಬಂದವರು ಹೆಚ್ಚಿನ ಅಪಾಯದಲ್ಲಿರುವ ಮಕ್ಕಳು. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಿಂದ ಬದುಕಿ ಮನೆಗೆ ಬರುವ ಕೂಸುಗಳ ಸಂಖ್ಯೆ ಹೆಚ್ಚಿರುವುದು ಸಂತೋಷದ ಸಂಗತಿ. ಆ ಕೂಸುಗಳ ಮೇಲೆ ಕಣ್ಣಿಡುವವರ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕಷ್ಟೆ.

ಬೆನ್ನುಹುರಿಯ ನರಕೋಶಗಳು ಸೊರಗುವ ಕಾಯಿಲೆ, ಸ್ನಾಯು ಕ್ಷಯ, ಹೆರಿಗೆಯ ವೇಳೆ ಭುಜದ ನರಕ್ಕೆ ಆಗುವ ಪೆಟ್ಟು ಮೊದಲಾದವೂ ಈ ಗುಂಪಿಗೆ ಸೇರುತ್ತವೆ. ಇವುಗಳ ದಾರಿ ಬೇರೆ, ಚಿಕಿತ್ಸೆಯೂ ಬೇರೆ. ಆ ವಿಚಾರ ಮುಂದೆ ಬರುತ್ತದೆ.

ಐದು ತಿಂಗಳಿಗೇ ಗೊತ್ತಾಗುವುದೇ?

ಹಿಂದೆ ಒಂದರಿಂದ ಎರಡು ವರ್ಷದವರೆಗೆ ಕಾದು ನೋಡುವುದೇ ಪದ್ಧತಿಯಾಗಿತ್ತು. ಸುಮ್ಮನೆ ಹೆತ್ತವರನ್ನು ಹೆದರಿಸಬಾರದೆಂಬ ಸದುದ್ದೇಶ ಅದರ ಹಿಂದಿತ್ತು. ಆಸ್ಟ್ರೇಲಿಯಾದ ಐಯೋನಾ ನೊವಾಕ್ ಮತ್ತು ಹಲವು ದೇಶಗಳ ತಜ್ಞರು 2017ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಈ ಪದ್ಧತಿಗೆ ತೆರೆ ಎಳೆಯಿತು. ಆರು ತಿಂಗಳೊಳಗೇ ಸೆರೆಬ್ರಲ್ ಪಾಲ್ಸಿಯನ್ನು, ಕನಿಷ್ಠಪಕ್ಷ ಅದರ ಹೆಚ್ಚಿನ ಅಪಾಯವನ್ನು ಗುರುತಿಸಬಹುದು ಎಂದು ಅದು ಹೇಳಿತು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಮಾತ್ರ ಹೆರಿಗೆಯಾಗಬೇಕಿದ್ದ ದಿನಾಂಕದಿಂದ ಎಣಿಸಬೇಕು.

ಐದು ತಿಂಗಳೊಳಗಿನ ಶಿಶುವಿಗೆ ಆ ಮಾರ್ಗದರ್ಶಿ ಸೂಚಿಸಿದ ಪರೀಕ್ಷೆಗಳು ಮುಖ್ಯವಾಗಿ ಮೂರು. ಮಿದುಳಿನ ಎಂ.ಆರ್.ಐ. ಚಿತ್ರಣ ಒಂದು. ಇದರ ಸೂಕ್ಷ್ಮತೆ, ಅಂದರೆ ತೊಂದರೆ ಇರುವ ನೂರು ಮಕ್ಕಳಲ್ಲಿ ಎಷ್ಟು ಜನರನ್ನು ಅದು ಹಿಡಿಯುತ್ತದೆ ಎಂಬ ಅಳತೆ, ಶೇ 86ರಿಂದ 89. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ರೂಪುಗೊಂಡ ಶಿಶು ನರಪರೀಕ್ಷೆ ಇನ್ನೊಂದು. 26 ಅಂಶ, ಒಟ್ಟು 78 ಅಂಕಗಳ ಈ ಪರೀಕ್ಷೆಗೆ ದುಬಾರಿ ಉಪಕರಣ ಬೇಕಿಲ್ಲ. ಸೂಕ್ಷ್ಮತೆ ಶೇ 90. ಮೂರನೆಯದು ಹೈಂಜ್ ಪ್ರೆಕ್ಟಲ್ ಎಂಬ ವಿಜ್ಞಾನಿಯ ಕೆಲಸದಿಂದ ಬೆಳೆದ, ಶಿಶುವಿನ ಸಹಜ ಚಲನೆಗಳ ವೀಕ್ಷಣೆ. ಸೂಕ್ಷ್ಮತೆ ಶೇ 98. ಅತಿ ಹೆಚ್ಚು ಅಂಕ ಪಡೆದದ್ದು ಯಂತ್ರವಲ್ಲ, ತರಬೇತಿ ಪಡೆದ ಕಣ್ಣು.

ಮುಟ್ಟುವ ಮೊದಲು ನೋಡುವುದು

ಪ್ರೆಕ್ಟಲ್ ವಿಧಾನದಲ್ಲಿ ಶಿಶುವನ್ನು ಅಂಗಾತ ಮಲಗಿಸಿ, ತೆಳು ಬಟ್ಟೆ ಹಾಕಿ, ಮೂರರಿಂದ ಐದು ನಿಮಿಷ ವಿಡಿಯೋ ತೆಗೆಯಲಾಗುತ್ತದೆ. ಕೂಸು ಎಚ್ಚರವಾಗಿರಬೇಕು, ಅಳುತ್ತಿರಬಾರದು. ಗಿಲಕಿ ಆಡಿಸುವಂತಿಲ್ಲ, ಮಾತನಾಡಿಸುವಂತಿಲ್ಲ. ಮೂರರಿಂದ ಐದನೇ ತಿಂಗಳ ನಡುವೆ ಆರೋಗ್ಯವಂತ ಶಿಶುವಿನ ಕತ್ತು, ಮೈ, ಕೈಕಾಲುಗಳಲ್ಲಿ ಸಣ್ಣ ಸಣ್ಣ ಚಲನೆಗಳು ಎಲ್ಲ ದಿಕ್ಕುಗಳಿಗೂ ಬಿಡದೆ ನಡೆದಿರುತ್ತವೆ. ಒಮ್ಮೆ ಗುರುತು ಹಿಡಿದವರಿಗೆ ಅದು ಇನ್ನು ಮರೆಯದು. ಆ ಚಲನೆ ಇಲ್ಲವೆಂದರೆ ಅಪಾಯ ದೊಡ್ಡದು.

ಫಿಸಿಯೋಥೆರಪಿ ವಿದ್ಯಾರ್ಥಿಗೆ ಇದು ಕಷ್ಟದ ಪಾಠ. ಏಕೆಂದರೆ ಅವನ ವಿದ್ಯೆಯೆಲ್ಲ ಕೈಯಲ್ಲಿದೆ. ಹಿಡಿ, ಮಡಚು, ಬಿಡಿಸು, ಬಿಗಿತ ಅಳೆ ಎಂದು ಮೊದಲ ವರ್ಷದಿಂದ ಕಲಿತವನಿಗೆ ಐದು ನಿಮಿಷ ಕೈಕಟ್ಟಿ ಕುಳಿತು ನೋಡು ಎಂದರೆ ಏನೂ ಮಾಡದಂತೆ ಅನಿಸುತ್ತದೆ. ಈ ವೀಕ್ಷಣೆಗೆ ಅಧಿಕೃತ ತರಬೇತಿ ಕೆಲವೇ ದಿನಗಳದ್ದು, ಕೊನೆಯಲ್ಲಿ ಪರೀಕ್ಷೆಯೂ ಉಂಟು. ಪದವಿ ವಿದ್ಯಾರ್ಥಿಗಳೆಲ್ಲರೂ ಅದನ್ನು ಮುಗಿಸಬೇಕೆಂದೇನೂ ಇಲ್ಲ. ಸರಿಯಾಗಿ ವಿಡಿಯೋ ತೆಗೆದು, ನೋಡಬಲ್ಲವರಿಗೆ ಕಳುಹಿಸುವಷ್ಟು ಕಲಿತರೂ ಬಹಳವಾಯಿತು. ಹುಲಿಕೆರೆಯ ಮನೆಯಲ್ಲಿ ತೆಗೆದ ಮೂರು ನಿಮಿಷದ ವಿಡಿಯೋ ಬೆಂಗಳೂರಿನ ತಜ್ಞರನ್ನು ಅದೇ ದಿನ ಮುಟ್ಟಬಲ್ಲದು. ಕೂಸು ಮತ್ತು ತಾಯಿ ಬೆಂಗಳೂರು ಮುಟ್ಟಲು ತಿಂಗಳುಗಳು ಹಿಡಿಯಬಹುದು. ಹೆತ್ತವರ ಒಪ್ಪಿಗೆ ಪಡೆಯುವುದು, ವಿಡಿಯೋ ಬೇರೆಯವರ ಮೊಬೈಲ್‌ಗಳಿಗೆ ಹರಿದಾಡದಂತೆ ನೋಡಿಕೊಳ್ಳುವುದು ಸಹ ಈ ಪಾಠದ ಭಾಗ.

ಇನ್ನೂ ಸರಳವಾದ ಸಾಧನ ನೆರೆಯ ಕೇರಳದಲ್ಲಿದೆ. ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದಲ್ಲಿ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು ರೂಪಿಸಿದ ಪಟ್ಟಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗಾಗಿ 17 ಅಂಶಗಳಿವೆ. ಬೇಕಾದ ಸಾಮಗ್ರಿ ಒಂದು ಪೆನ್ನು, ಒಂದು ಬೀಗದ ಕೈ ಗೊಂಚಲು. ಅಂಗನವಾಡಿ ಶಿಕ್ಷಕಿಯೂ ಇದನ್ನು ಬಳಸಬಲ್ಲರು. ಮಗುವಿಗೆ ಏನು ತೊಂದರೆ ಎಂದು ಇದು ಹೇಳದು, ಮುಂದಿನ ಪರೀಕ್ಷೆಗೆ ಕಳುಹಿಸಬೇಕಾದವರನ್ನು ಬೇರ್ಪಡಿಸುತ್ತದೆ.

ಅಜ್ಜಿಯ ಕಾಲ ಮೇಲಿನ ಸ್ನಾನ

ಗುರುತಿಸಿದ ಮೇಲೆ ಮುಂದೇನು? ಆಸ್ಪತ್ರೆಯ ಕೊಠಡಿಯಲ್ಲಿ ವಾರಕ್ಕೆರಡು ಬಾರಿ ಅರ್ಧ ಗಂಟೆ ಕೈಕಾಲು ಎಳೆದು ಬಿಡಿಸುವುದೇ ಬಹುಕಾಲ ಚಿಕಿತ್ಸೆ ಎನಿಸಿಕೊಂಡಿತ್ತು. ಲಂಡನ್ನಿನಲ್ಲಿ 1940ರ ದಶಕದಿಂದ ಬರ್ಟಾ ಮತ್ತು ಕಾರೆಲ್ ಬೋಬಾತ್ ದಂಪತಿ ಬೆಳೆಸಿದ, ಚಿಕಿತ್ಸಕರ ಕೈಯೇ ಮಗುವಿನ ಚಲನೆಯನ್ನು ತಿದ್ದುವ ವಿಧಾನ ನಮ್ಮ ಕಾಲೇಜುಗಳಿಗೂ ಬಂದು ನೆಲೆಸಿತು. ಅದುವರೆಗೆ ಇಂಥ ಮಕ್ಕಳನ್ನು ಗಮನಿಸುವವರೇ ವಿರಳವಾಗಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ. ಆದರೆ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ನಡೆಸಿದ ಪುನರವಲೋಕನದಲ್ಲಿ ಮಗುವೇ ಗುರಿ ಇಟ್ಟುಕೊಂಡು ಮಾಡುವ ಅಭ್ಯಾಸ, ಮನೆಯ ಕಾರ್ಯಕ್ರಮ ಮುಂತಾದವಕ್ಕೆ ಹಸಿರು ದೀಪ ಸಿಕ್ಕಿತು, ಬೋಬಾತ್ ವಿಧಾನಕ್ಕೆ ಸಿಗಲಿಲ್ಲ. ಇದನ್ನು ಒಪ್ಪದವರೂ ಇದ್ದಾರೆ, ವಾದ ಮುಗಿದಿಲ್ಲ. ಮಗು ತಾನೇ ಯತ್ನಿಸಿ ಮಾಡಿದ ಚಲನೆ ಮಿದುಳಿಗೆ ಕಲಿಸುವಷ್ಟನ್ನು ಬೇರೆಯವರು ಮಾಡಿಸಿದ ಚಲನೆ ಕಲಿಸದು ಎಂಬುದರ ಬಗ್ಗೆ ಮಾತ್ರ ಈಗ ಹೆಚ್ಚಿನ ತಕರಾರಿಲ್ಲ.

ಮಗು ತಾನೇ ಯತ್ನಿಸುವಂಥ ಸಂದರ್ಭಗಳು ಆಸ್ಪತ್ರೆಗಿಂತ ಮನೆಯಲ್ಲೇ ಹೆಚ್ಚು. ಬಾಣಂತಿ ಮನೆಯ ನೀರೆರೆಯುವ ಪದ್ಧತಿಯನ್ನೇ ನೋಡಬಹುದು. ಅಜ್ಜಿ ಕಾಲು ನೀಡಿ ಕುಳಿತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಎಣ್ಣೆ ಹಚ್ಚಿ ನೀರೆರೆಯುತ್ತಾಳೆ. ಬೋರಲು ಮಲಗಿದ ಕೂಸು ಕತ್ತು ಎತ್ತಲು ಯತ್ನಿಸುತ್ತದೆ. ಕಾಲೇಜಿನಲ್ಲಿ ಕಲಿಸುವ ಕತ್ತಿನ ಅಭ್ಯಾಸ ಇದೇ; ಇಲ್ಲಿ ದಿನನಿತ್ಯ, ಖರ್ಚಿಲ್ಲದೆ ನಡೆಯುತ್ತದೆ. ವಿದ್ಯಾರ್ಥಿ ಇಲ್ಲಿ ಅಜ್ಜಿಗೆ ಹೊಸದೇನನ್ನೂ ಹೇರಬೇಕಿಲ್ಲ. ಆ ಭಂಗಿಯಲ್ಲಿ ಇನ್ನೆರಡು ನಿಮಿಷ ಹೆಚ್ಚು ಇಡಿ, ಮುಂದೆ ತಾಯಿ ಕುಳಿತು ಮಾತನಾಡಿಸಲಿ ಎಂದರೆ ಸಾಕು. ಕೈಕಾಲುಗಳನ್ನು ಅಡ್ಡಡ್ಡ ಹಿಡಿದು ಜೋರಾಗಿ ಮಡಚುವುದನ್ನು ಬಿಗಿತವಿರುವ ಕೂಸಿಗೆ ಮಾಡಬೇಡಿ ಎಂದು ತಿಳಿಹೇಳುವುದು ಮಾತ್ರ ಅಗತ್ಯ.

ಕಂಕುಳಲ್ಲಿ ಕಾಲು ಅಗಲಿಸಿ ಎತ್ತಿಕೊಳ್ಳುವ ನಮ್ಮ ರೂಢಿ ಕತ್ತರಿಯಂತೆ ಬಿಗಿಯುವ ಕಾಲುಗಳಿಗೆ ಒಳ್ಳೆಯದು. ಸೀರೆಯ ಜೋಳಿಗೆಯಲ್ಲಿ ಇಡೀ ಹಗಲು ಮಲಗಿಸುವುದು ಒಳ್ಳೆಯದಲ್ಲ, ಅಲ್ಲಿ ಕೈಕಾಲು ಆಡಿಸಲು ಜಾಗವೇ ಇರದು. ಎರಡು ಗೋಡೆ ಕೂಡುವ ಮೂಲೆಯಲ್ಲಿ ಸುತ್ತಿದ ಕಂಬಳಿಯ ಆಸರೆ ಕೊಟ್ಟು ಕೂರಿಸಿದರೆ ಕೈಗಳು ಆಟಕ್ಕೆ ಬಿಡುವಾಗುತ್ತವೆ. ಸಂತೆಯಲ್ಲಿ ಸಿಗುವ ಗಾಲಿಯ ವಾಕರ್‌ನಿಂದ ನಡಿಗೆ ಬೇಗ ಬರುವುದಿಲ್ಲ, ಬೀಳುವ ಅಪಾಯವಂತೂ ಇದೆ. ಹಳ್ಳಿಯಲ್ಲಿ ಸಿಗುವ ವಸ್ತುಗಳಿಂದಲೇ ಇಂಥ ಆಸರೆಗಳನ್ನು ಮಾಡುವುದು ಹೇಗೆಂದು ಡೇವಿಡ್ ವರ್ನರ್ 1987ರಷ್ಟು ಹಿಂದೆಯೇ ‘ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್’ ಎಂಬ ಗ್ರಂಥದಲ್ಲಿ ಚಿತ್ರ ಸಹಿತ ತೋರಿಸಿದ್ದರು.

ಒಂದೇ ಕೈ ಬಳಸುವ ಶಿಶುವಿನ ವಿಷಯ ಬೇರೆ. ವರ್ಷದೊಳಗಿನ ಕೂಸು ಎಡಚ, ಬಲಚ ಎಂದು ಕೈ ಆರಿಸಿಕೊಳ್ಳುವುದಿಲ್ಲ. ಆರಿಸಿಕೊಂಡಂತೆ ಕಂಡರೆ ಇನ್ನೊಂದು ಕೈಯಲ್ಲಿ ತೊಂದರೆ ಇರಬಹುದು. ಚೆನ್ನಾಗಿರುವ ಕೈಗೆ ಮೆತ್ತನೆಯ ಚೀಲ ತೊಡಿಸಿ, ದಿನಕ್ಕೆ ಅರ್ಧ ಗಂಟೆಯಷ್ಟು ಹೊತ್ತು, ಕೆಲವು ವಾರ ಕಾಲ ದುರ್ಬಲ ಕೈಯಿಂದಲೇ ಆಡಿಸುವ ವಿಧಾನವನ್ನು ಸ್ವೀಡನ್ನಿನ ಚಿಕಿತ್ಸಕರು ಶಿಶುಗಳಿಗೆ ಹೊಂದಿಸಿದ್ದಾರೆ. ಹಳೆಯ ಕಾಲುಚೀಲವೂ ಇದಕ್ಕೆ ಆಗುತ್ತದೆ.

ಊಟದ ಕಡೆಗೂ ಗಮನ ಬೇಕು. ಕೂಸನ್ನು ಮಡಿಲಲ್ಲಿ ಅಂಗಾತ ಮಲಗಿಸಿ ಒಳಲೆಯಿಂದ ರಾಗಿ ಸರಿ ಹೊಯ್ಯುವುದು ಹಲವು ಮನೆಗಳ ರೂಢಿ. ನುಂಗುವ ಹಿಡಿತವಿಲ್ಲದ ಮಗುವಿಗೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಪದೇ ಪದೇ ಬರುವ ಕಫ, ಜ್ವರಕ್ಕೆ ಶೀತವನ್ನು ದೂರುತ್ತಾ ಕೂರುವ ಮುನ್ನ ಮಗುವನ್ನು ನೇರ ಕೂರಿಸಿ, ಗದ್ದ ತುಸು ಕೆಳಗೆ ಮಾಡಿ ಉಣಿಸಿ ನೋಡಬೇಕು. ಫಿಸಿಯೋಥೆರಪಿ ತರಗತಿಯಲ್ಲಿ ಇದು ವಾಕ್ ಚಿಕಿತ್ಸಕರ ವಿಷಯವೆಂದು ಬದಿಗೆ ಸರಿಯುವ ಸಂಭವವಿದೆ. ಹಳ್ಳಿಯಲ್ಲಿ ಆ ಮನೆಗೆ ಹೋಗುವವರು ಒಬ್ಬರೇ ಆದಾಗ ಹೀಗೆ ಪಾಲು ಮಾಡಿಕೊಳ್ಳಲು ಬರುವುದಿಲ್ಲ.

ವ್ಯಾಯಾಮ ಬೇಡ, ವೈದ್ಯರು ಬೇಕು

ಆರಂಭಿಕ ಆರೈಕೆಯ ತರಬೇತಿಯಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಕಲಿಸಬೇಕಾದದ್ದು ಯಾವ ಮಗುವಿಗೆ ಫಿಸಿಯೋಥೆರಪಿ ಮೊದಲ ಉತ್ತರವಲ್ಲ ಎಂಬುದನ್ನು. ಮೂರರಿಂದ ಹನ್ನೆರಡು ತಿಂಗಳ ನಡುವೆ ಕೆಲವು ಶಿಶುಗಳು ನಿದ್ದೆಯಿಂದ ಎದ್ದಾಗ ಸಾಲುಸಾಲಾಗಿ ಮುಂದಕ್ಕೆ ಬಾಗಿ ಬೆಚ್ಚಿಬೀಳುತ್ತವೆ. ಮನೆಯವರು ಹೊಟ್ಟೆನೋವೆಂದೋ ಹೆದರಿಕೆಯೆಂದೋ ಭಾವಿಸುತ್ತಾರೆ. ಅದು ಒಂದು ಬಗೆಯ ಅಪಸ್ಮಾರ ಆಗಿರಬಹುದು. ಔಷಧ ತಡವಾದ ಪ್ರತಿ ವಾರವೂ ಮಿದುಳಿಗೆ ನಷ್ಟ. ಇಂಥ ಕೂಸನ್ನು ಚಾಪೆಯ ಮೇಲೆ ಮಲಗಿಸಿ ವ್ಯಾಯಾಮ ಕಲಿಸುತ್ತಾ ಒಂದು ತಿಂಗಳು ಕಳೆದರೆ ಅದು ಆರೈಕೆಯಲ್ಲ.

ಬಿಗಿತದ ಬದಲು ಮೈಯೆಲ್ಲ ಸಡಿಲವಾಗಿ, ಕಣ್ಣು ಮಾತ್ರ ಚುರುಕಾಗಿರುವ ಶಿಶುವಿನಲ್ಲಿ ಬೆನ್ನುಹುರಿಯ ನರಕೋಶಗಳ ಆನುವಂಶಿಕ ಕಾಯಿಲೆಯನ್ನು ಸಂಶಯಿಸಬೇಕು. ಇದಕ್ಕೆ ಈಗ ಔಷಧಗಳು ಬಂದಿವೆ, ಬೆಲೆ ಸಾಮಾನ್ಯರ ಕೈಗೆ ನಿಲುಕದಂಥದ್ದು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಫಲ. ಕಲಿತದ್ದನ್ನು ಮರೆಯುತ್ತಿರುವ ಮಗು, ಎದ್ದು ನಿಲ್ಲಲು ತೊಡೆಯ ಮೇಲೆ ಕೈಯೂರುವ ನಾಲ್ಕೈದು ವರ್ಷದ ಹುಡುಗ ಇವರೂ ಮೊದಲು ವೈದ್ಯರ ಬಳಿಗೆ ಹೋಗಬೇಕಾದವರು. ಸ್ನಾಯು ಕ್ಷಯವಿರುವ ಹುಡುಗನಿಗೆ ಭಾರದ ವ್ಯಾಯಾಮ ಮಾಡಿಸಿದರೆ ಹಾನಿಯೇ ಹೆಚ್ಚು.

ಮನೆಯವರಿಗೆ ಹೇಗೆ ಹೇಳುವುದು?

ಐದು ತಿಂಗಳಿಗೇ ಗುರುತಿಸುವುದರಿಂದ ಒಂದು ಹೊಸ ಕಷ್ಟ ಹುಟ್ಟುತ್ತದೆ. ಇನ್ನೂ ಖಚಿತವಾಗದ ತೊಂದರೆಯನ್ನು ತಾಯಿಗೆ ತಿಳಿಸುವುದು ಹೇಗೆ? 2017ರ ಮಾರ್ಗದರ್ಶಿ ಇದಕ್ಕೆಂದೇ ‘ಹೆಚ್ಚಿನ ಅಪಾಯದಲ್ಲಿರುವ ಮಗು’ ಎಂಬ ನಡುವಣ ಹೆಸರನ್ನು ಸೂಚಿಸಿದೆ. ಹಣೆಪಟ್ಟಿ ಅಂಟಿಸದೆ ಆರೈಕೆಯನ್ನು ಇಂದೇ ಆರಂಭಿಸಲು ಇದು ಅವಕಾಶ ಕೊಡುತ್ತದೆ. ರೋಗನಿರ್ಣಯ ವೈದ್ಯರ ಕೆಲಸವೇ. ಆದರೆ ವೈದ್ಯರ ಎರಡು ಮಾತು ಕೇಳಿ ಹೊರಬಂದ ತಾಯಿ ಉಳಿದ ಪ್ರಶ್ನೆಗಳನ್ನೆಲ್ಲ ಕೇಳುವುದು ದಿನವೂ ಎದುರಾಗುವ ಫಿಸಿಯೋಥೆರಪಿಸ್ಟ್‌ನನ್ನು. ನಮ್ಮ ಮಗು ನಡೆಯುತ್ತದೆಯೇ ಎಂಬುದು ಮೊದಲ ಪ್ರಶ್ನೆ.

ಇದಕ್ಕೆ ಸುಳ್ಳು ಭರವಸೆಯನ್ನಾಗಲಿ ಕೈಚೆಲ್ಲುವ ಮಾತನ್ನಾಗಲಿ ಆಡಬೇಕಿಲ್ಲ. ಕೆನಡಾದ ಸಂಶೋಧಕರು 1997ರಲ್ಲಿ ಈ ಮಕ್ಕಳ ಚಲನಾಶಕ್ತಿಯನ್ನು ಐದು ಹಂತಗಳಾಗಿ ವಿಂಗಡಿಸಿದರು. 2002ರಲ್ಲಿ ಅದೇ ತಂಡ ನೂರಾರು ಮಕ್ಕಳನ್ನು ಅನುಸರಿಸಿ ಪ್ರತಿ ಹಂತದ ಬೆಳವಣಿಗೆಯ ರೇಖೆ ಎಳೆಯಿತು. ಹಗುರವಾದ ಹಂತದ ಮಕ್ಕಳು ತಮ್ಮ ಚಲನಾಶಕ್ತಿಯ ಶೇ 90ರಷ್ಟನ್ನು ಐದು ವರ್ಷದ ಹೊತ್ತಿಗೆ, ತೀವ್ರ ಹಂತದವರು ಮೂರು ವರ್ಷಕ್ಕೂ ಮೊದಲೇ ತಲುಪುತ್ತಾರೆ. ಎಂದರೆ ತೊಂದರೆ ತೀವ್ರವಾದಷ್ಟೂ ಸಮಯ ಕಡಿಮೆ.

ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಕ್ಕೇ ಹೀಗಾಯಿತು ಎಂಬ ದೂರನ್ನು ಹೊತ್ತ ಸೊಸೆಯ ಎದುರು ಮಾತನಾಡುವಾಗ ವಿದ್ಯಾರ್ಥಿ ಅತ್ತೆಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಇದು ತಾಯಿಯ ತಪ್ಪಿನಿಂದ ಆದದ್ದಲ್ಲ ಎಂಬ ವಾಕ್ಯವನ್ನು ಮನೆಯ ಹಿರಿಯರ ಕಿವಿಗೆ ಬೀಳುವಂತೆ ಹೇಳುವುದು ಮೊದಲ ದಿನದ ಚಿಕಿತ್ಸೆ.

ಇರುವ ದಾರಿಗಳು

ವ್ಯವಸ್ಥೆಯೇ ಇಲ್ಲವೆನ್ನಲಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಭೇಟಿ ಕೊಡಬೇಕು. ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳುಹಿಸಬೇಕು. ಆ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಇರಬೇಕೆಂಬ ನಿಯಮವಿದೆ. ಊರಿಗೆ ಬರುವ ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ದಾದಿ, ಒಬ್ಬ ಔಷಧ ವಿತರಕರಿಗೆ ಮಾತ್ರ ಜಾಗ.

ಅದಕ್ಕಿಂತ ಹತ್ತಿರದ ದಾರಿ ಆಶಾ ಕಾರ್ಯಕರ್ತೆಯ ಮನೆಭೇಟಿ. ಹೆರಿಗೆಯ ನಂತರದ ಆರು ವಾರಗಳ ಭೇಟಿಗಳು 2011ರಿಂದ ಇವೆ. 2018ರಲ್ಲಿ ಇವುಗಳ ಜೊತೆಗೆ 3, 6, 9, 12 ಮತ್ತು 15ನೇ ತಿಂಗಳ ಭೇಟಿಗಳನ್ನು ಸೇರಿಸುವ ಕಾರ್ಯಕ್ರಮ ಬಂತು. ಮೂರನೇ ತಿಂಗಳ ಭೇಟಿ ಆ ಸಣ್ಣ ಸಣ್ಣ ಚಲನೆಗಳು ಕಾಣುವ ಕಾಲ. ಒಂಬತ್ತನೇ ತಿಂಗಳದ್ದು ಮಗು ಆಸರೆಯಿಲ್ಲದೆ ಕೂರದಿದ್ದರೆ ಎಚ್ಚರಗೊಳ್ಳಬೇಕಾದ ಕಾಲ. ಯಾರೂ ಇದಕ್ಕೆಂದು ಲೆಕ್ಕ ಹಾಕಿ ಮಾಡದಿದ್ದರೂ ದಿನಗಳು ಕೂಡಿಬಂದಿವೆ. ಆಶಾ ಜೊತೆಗೆ ಅದೇ ದಿನ ಫಿಸಿಯೋಥೆರಪಿ ವಿದ್ಯಾರ್ಥಿಯೊಬ್ಬ ಹೋಗಬಾರದೇಕೆ?

ಅನುಭವಕ್ಕೆ ಕರ್ನಾಟಕದಲ್ಲಿ ಬಡತನವಿಲ್ಲ. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆಲ್ಲ ದಶಕಗಳಿಂದ ಇಂಥ ಮಕ್ಕಳ ನಡುವೆ ಇವೆ. ಹಾಸನದಲ್ಲೇ 2006ರಿಂದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಬೆಂಗಳೂರು, ಮಂಗಳೂರು, ಮಣಿಪಾಲ, ಮೈಸೂರು, ಧಾರವಾಡ, ಬೆಳಗಾವಿಗಳಲ್ಲಿ ಫಿಸಿಯೋಥೆರಪಿ ಕಾಲೇಜುಗಳಿವೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಗೆ ಸೆರೆಬ್ರಲ್ ಪಾಲ್ಸಿ ಸೇರಿದ್ದು, ಅದರಡಿಯ ‘ನಿರಾಮಯ’ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ನೆರವುಂಟು. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಥೆರಪಿಗೂ ಅದರಲ್ಲಿ ಅವಕಾಶವಿದೆ. ವಿದ್ಯಾರ್ಥಿ ಇದನ್ನು ತಿಳಿದಿದ್ದರೆ ಬಸ್ಸಿನ ಖರ್ಚಿಗೆ ಹಿಂಜರಿಯುವ ತಾಯಿಗೆ ಹೇಳಲು ಒಂದು ಮಾತಿರುತ್ತದೆ.

ಪಠ್ಯದಲ್ಲಿ ಎಷ್ಟು ಜಾಗ?

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯ ಫಿಸಿಯೋಥೆರಪಿ ಪದವಿ ನಾಲ್ಕು ವರ್ಷ ಮತ್ತು ಆರು ತಿಂಗಳ ಇಂಟರ್ನ್‌ಶಿಪ್‌ನ ಮಾದರಿಯಲ್ಲಿ ನಡೆದುಬಂದಿದೆ. ಮಕ್ಕಳ ಚಿಕಿತ್ಸೆಯನ್ನು ಆಳವಾಗಿ ಓದುವುದು ಸ್ನಾತಕೋತ್ತರ ಹಂತದಲ್ಲಿ. ತಾಲ್ಲೂಕು ಮಟ್ಟದಲ್ಲಿ ಬೋರ್ಡು ಹಾಕುವವರಲ್ಲಿ ಹೆಚ್ಚಿನವರು ಪದವಿ ಮುಗಿಸಿದವರು. ಅವರ ಬಳಿ ಬರುವವರಲ್ಲಿ ಮಂಡಿನೋವಿನವರು, ಲಕ್ವ ಹೊಡೆದವರೇ ಹೆಚ್ಚಿರುವುದರಿಂದ ಕಲಿತ ಒಂದಿಷ್ಟೂ ಮರೆತುಹೋಗುತ್ತದೆ.

2021ರ ರಾಷ್ಟ್ರೀಯ ಸಹಾಯಕ ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ನಂತರ, 2025ರ ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಫಿಸಿಯೋಥೆರಪಿಯೂ ಸೇರಿದಂತೆ ಹತ್ತು ವೃತ್ತಿಗಳಿಗೆ ಕೌಶಲ ಆಧಾರಿತ ಹೊಸ ಪಠ್ಯಕ್ರಮ ಪ್ರಕಟಿಸಿತು. ಇದರಲ್ಲಿ ಪದವಿಯ ಅವಧಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದು ವರ್ಷ. ಹೆಚ್ಚಿದ ಆರು ತಿಂಗಳು ನಗರದ ಆಸ್ಪತ್ರೆಗಳ ಮೂಳೆ ವಿಭಾಗಕ್ಕೆ ಹಂಚಿಹೋದರೆ ಹಳ್ಳಿಗಳ ಶಿಶುಗಳಿಗೆ ಏನೂ ದಕ್ಕುವುದಿಲ್ಲ. ನವಜಾತ ಶಿಶು ಘಟಕದಲ್ಲಿ ಎರಡು ವಾರ, ಜಿಲ್ಲಾ ಆರಂಭಿಕ ಚಿಕಿತ್ಸಾ ಕೇಂದ್ರದಲ್ಲಿ ಎರಡು ವಾರ, ಹಳೇಬೀಡಿನಂಥ ಹೋಬಳಿಯ ಅಂಗನವಾಡಿಗಳಲ್ಲಿ ಎರಡು ವಾರ ಎಂದು ಕಾಲೇಜುಗಳು ಈಗಲೇ ನಿಗದಿ ಮಾಡಲು ಅಡ್ಡಿಯಿಲ್ಲ. ಹೊಸ ಪಠ್ಯಕ್ರಮದಡಿ ಸೇರಿದವರು ಇಂಟರ್ನ್‌ಶಿಪ್‌ಗೆ ಬರುವುದು ನಾಲ್ಕು ವರ್ಷಗಳ ನಂತರ. ಈಗ ಅಂತಿಮ ವರ್ಷದಲ್ಲಿರುವವರ ಕೈಯಲ್ಲಿರುವುದು ಹಳೆಯ ಆರು ತಿಂಗಳೇ. ಅವರಿಗೆ ಆಶಾ ಕಾರ್ಯಕರ್ತೆಯ ಜೊತೆ ಹತ್ತು ಮನೆಗಳ ಮೂರನೇ ತಿಂಗಳ ಭೇಟಿಯನ್ನು ಕಡ್ಡಾಯ ಮಾಡುವುದಕ್ಕೆ ದೆಹಲಿಯಿಂದ ಆದೇಶ ಬರಬೇಕಿಲ್ಲ, ಕಾಲೇಜು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳ ನಡುವೆ ಒಂದು ಪತ್ರ ವ್ಯವಹಾರ ನಡೆದರೆ ಸಾಕು.